ಹಿಮದ ಮ್ಯಾಲಿನ ಹೊಟ್ಟೆಕಿಚ್ಚು

ನನ್ನ ಹೆಂಡತಿ ಬಾಯಿಬಿಟ್ಟು ನಗುವುದು ಕಡಿಮೆ. ಮದುವೆಯಾದ ಮೊದಲ ವರ್ಷ ನಾನು ಎಷ್ಟು ಚಾಷ್ಟಿ ಮಾಡಿದರೂ ತುಟಿಯ ಒಂದು ಮೂಲೆ ಸರಿಸಿ ಸುಮ್ಮನಾಗುತ್ತಿದ್ದಳು. ಅಂಥವಳು ಒಂದು ಬೆಳಿಗ್ಗೆ ಮಾಳಿಗೆ ಮೇಲಿನ ಕೋಣೆಯಲ್ಲಿ ಕೂತು ಗಟ್ಟಿಯಾಗಿ ನಗುವುದು ಅಂಗಳದಲ್ಲಿದ್ದ ನನಗೆ ಕೇಳಿಸಿತು. ಕಡಲೆ ಬೀಜದ ಚೀಲಗಳನ್ನು ಟಂಟಂಗೆ ಹೇರುತ್ತಿದ್ದೆ. ಹೆಗಲ ಮೇಲಿದ್ದ ಚೀಲ ಅಲ್ಲೇ ಇಳಿಸಿ ಮೆಟ್ಟಿಲು ಹತ್ತಿದೆ.

ಕಿವಿಯಲ್ಲಿ ಇಯರ್‌ಫೋನು, ಎದುರಿಗೆ ದೊಡ್ಡ ಪರದೆ, ಪರದೆಯ ತುಂಬ ಬೂದಿಬಣ್ಣದ ಹಿಮ.

"ಏನಾತು?" ಅಂದೆ.

"ಏನಿಲ್ರಿ. ನಮ್ಮ ತುಂಡು ಹೋಗಿದ್ದ ದಾರೀಲೇ ಹೊಳ್ಳಿ ಬಂದೈತಿ!" ಅಂದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು.

ನಮ್ಮ ತುಂಡು. ನಮ್ಮ ಅಂದರೆ ಅವಳದು ಮತ್ತು ಕಿವಿಯೊಳಗೆ ಮಾತಾಡುತ್ತಿದ್ದವನದು. ನನಗೆ ಅದರಲ್ಲಿ ಪಾಲಿರಲಿಲ್ಲ. ಕೆಳಗಿಳಿದು ಬಂದು ಉಳಿದ ಚೀಲಗಳನ್ನು ಎಷ್ಟು ಜೋರಾಗಿ ಒಗೆದೆನೆಂದರೆ ಟಂಟಂ ಡ್ರೈವರ್, "ಸಾವಕಾಶ್ರಿ ಅಣ್ಣಾರ, ಗಾಡಿ ನಂದು" ಅಂದ.

ನಮ್ಮದು ಮೊರಬ. ಹೊಲವಿದೆ, ನವಲಗುಂದದಲ್ಲಿ ಬೀಜ-ಗೊಬ್ಬರದ ಅಂಗಡಿಯಿದೆ. ಮನೆಯಲ್ಲಿ ಅವ್ವ, ನಾನು, ಅವಳು. ಅವಳು ಕಲಘಟಗಿ ಕಡೆಯ ದೇವಿಕೊಪ್ಪದವಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಉಪಗ್ರಹದ ಚಿತ್ರ ಓದುವುದನ್ನು ಮೇಲೆ ಕಲಿತವಳು. ಮದುವೆ ಮಾತುಕತೆಯಲ್ಲಿ ಅವಳ ಮನೆಯವರು ಕೇಳಿದ್ದು ಒಂದೇ: ಮನೆಯಲ್ಲಿ ಇಂಟರ್ನೆಟ್ ಇರಬೇಕು, ಹುಡುಗಿಯ ಕೆಲಸ ನಿಲ್ಲಬಾರದು. ನಾವು ಹೂಂ ಅಂದಿದ್ದೆವು. ಕೆಲಸ ಎಂಥದು ಎಂದು ನಾನು ಆಗ ಸರಿಯಾಗಿ ಕೇಳಿಕೊಂಡಿರಲಿಲ್ಲ.

ಕೆಲಸ ಇದು. ದಕ್ಷಿಣ ಧ್ರುವದ ಸುತ್ತಲಿನ ಸಮುದ್ರ ಅಲ್ಲಿಯ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ್ದು ಒಂದೇ ಕಡೆ ನಿಲ್ಲುವುದಿಲ್ಲ. ಗಾಳಿ ನೂಕುತ್ತದೆ, ಕೆಳಗಿನ ನೀರು ಎಳೆಯುತ್ತದೆ; ಒಡೆಯುತ್ತದೆ, ಮತ್ತೆ ಕೂಡುತ್ತದೆ. ಉಪಗ್ರಹ ಮೇಲಿಂದ ಹಾಯುವಾಗ ರೇಡಾರ್ ಅಲೆ ಬಿಟ್ಟು ಚಿತ್ರ ತೆಗೆಯುತ್ತದೆ. ಮೋಡ, ಕತ್ತಲು ಅದಕ್ಕೆ ಲೆಕ್ಕಕ್ಕಿಲ್ಲ. ಮೊದಲ ಚಿತ್ರ ಮತ್ತು ಅದರ ನಂತರದ ಚಿತ್ರ ಬಾಜೂಬಾಜು ಇಟ್ಟು, ಇದರಲ್ಲಿದ್ದ ತುಂಡು ಅದರಲ್ಲಿ ಎಲ್ಲಿಗೆ ಸರಿದಿದೆ ಎಂದು ಕಂಪ್ಯೂಟರ್ ಬಾಣದ ಗುರುತು ಹಾಕುತ್ತದೆ. ಕಂಪ್ಯೂಟರ್ ಎಡವಿದ್ದನ್ನು ಹಿಡಿದು ತಿದ್ದುವುದು ನನ್ನ ಹೆಂಡತಿಯ ಕೆಲಸ. ಸಮುದ್ರದ ದಂಡೆಯ ಊರೊಂದರ ಸಂಶೋಧನಾ ಸಂಸ್ಥೆಗೆ ಅವಳು ಮನೆಯಿಂದಲೇ ಇದನ್ನು ಮಾಡಿಕೊಡುತ್ತಿದ್ದಳು. ಆ ಕಡೆ ಅವಳ ಜೋಡಿ ಅದೇ ಚಿತ್ರ ನೋಡುತ್ತ ಕೂರುವವನು ಅಣ್ಣಿಗೇರಿಯ ಹುಡುಗ. ನನ್ನ ವಯಸ್ಸಿನವನೇ.

ಅಣ್ಣಿಗೇರಿಯವನು ಎಂದು ಗೊತ್ತಾದ ಮೇಲೆ ನನ್ನ ಸಂಕಟ ಹೆಚ್ಚಾಯಿತು. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡಿದ್ದರೆ ಆಫೀಸಿನ ಮಾತು ಎಂದು ಬಿಡುತ್ತಿದ್ದೆ. ಅವರು ಮಾತಾಡುತ್ತಿದ್ದುದು ನಮ್ಮ ಮಾತು. "ಏ, ಅಲ್ಲಿ ನೋಡ್ರಿ, ಬಾಜೂಕ", "ಅಗದಿ ಖರೇರಿ", "ಹೋಗಲಿ ಬಿಡ್ರಿ ಅದು, ಸಂಜಿಗೆ ಸಿಗತೈತಿ." ಅಷ್ಟು ಸಲೀಸಾಗಿ ನನ್ನೊಡನೆ ಅವಳು ಮಾತಾಡಿದ್ದು ನೆನಪಿಗೆ ಬರಲಿಲ್ಲ.

ಒಮ್ಮೆ ನಾನು ಮೀಸೆ ಬೋಳಿಸಿಬಿಟ್ಟೆ. ಕಾಲೇಜು ದಿನಗಳಿಂದ ಇದ್ದ ಮೀಸೆ. ಹೊಸ್ತಿಲು ದಾಟುತ್ತಿದ್ದಂತೆ ಅವ್ವ, "ಏನ ಲೇ ಇದು, ಮಾರಿ ಬೋಳ ಮಾಡ್ಕೊಂಡಿ!" ಎಂದು ಎದೆಗೆ ಕೈ ಹಚ್ಚಿದಳು. ಹೆಂಡತಿ ಎದುರಿಗೆ ಕೂತು ಉಂಡಳು, ಮಜ್ಜಿಗೆ ಬಡಿಸಿದಳು, ಮೇಲೆ ಹೋದಳು. ಮರುದಿನವೂ ಹಾಗೇ. ಅದರ ಮರುದಿನ ಚಹಾ ಕೊಡುವಾಗ ನನ್ನ ಮುಖ ದಿಟ್ಟಿಸಿ, "ಏನ್ರಿ, ಏನೋ ಬ್ಯಾರೆ ಕಾಣಾಕತ್ತೀರಲ್ಲ?" ಅಂದಳು. ಸಾವಿರಾರು ಹಿಮದ ತುಂಡುಗಳಲ್ಲಿ ಒಂದರ ಅಂಚಿಗೆ ಗೀರು ಬಿದ್ದರೆ ಮಾತ್ರ ಅವಳು ಅದೇ ಹೊತ್ತಿಗೆ ಗುರುತು ಹಿಡಿಯುತ್ತಿದ್ದಳು.

ನನ್ನ ಅಂಗಡಿಯ ಬಾಜೂಕ ಜಮಖಾನೆ ಮಾರುವ ಕಾಕಾ ಒಬ್ಬರಿದ್ದಾರೆ. ಮುಖ ನೋಡಿಯೇ ನನ್ನ ಮನಸ್ಸು ಓದಬಲ್ಲವರು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರಿಗೆ ಎಲ್ಲ ಹೇಳಿದೆ. ಕಾಕಾ ನಗಲಿಲ್ಲ.

"ಆ ಹುಡುಗನ್ನ ನೋಡಿಯೇನು ನೀ?"

"ಇಲ್ರಿ ಕಾಕಾ."

"ಹಂಗಾರ ಮನಿಗೆ ಊಟಕ್ಕ ಕರಿ. ನೋಡದ ಮನಿಶಾನ ಮ್ಯಾಲ ಎಷ್ಟ ದಿನ ಉರಕೋತಿ? ನೋಡಿ ಉರಕೋ."

ಪಂಚಮಿ ಹಬ್ಬಕ್ಕೆ ಅವನು ಅಣ್ಣಿಗೇರಿಗೆ ಬರುತ್ತಾನೆಂದು ಗೊತ್ತಿತ್ತು. ನಾನೇ ಫೋನು ಮಾಡಿ ಕರೆದೆ. ಹೆಂಡತಿ ಆಶ್ಚರ್ಯದಿಂದ ನೋಡಿದಳು, ಆದರೆ ಖುಷಿಪಟ್ಟಳು. ಆ ಖುಷಿಯೂ ನನಗೆ ಸರಿಬರಲಿಲ್ಲ.

ಬಸ್ ಸ್ಟ್ಯಾಂಡಿಗೆ ಬೈಕು ತಗೊಂಡು ಹೋದೆ. ಕುಳ್ಳನಿರಲಿ, ಬೊಕ್ಕತಲೆಯವನಿರಲಿ ಎಂದು ದಾರಿಯುದ್ದಕ್ಕೂ ಬಯಸಿದ್ದೆ. ಬಸ್ಸಿನಿಂದ ಇಳಿದವನು ಎತ್ತರದ, ಚೆಂದದ ಆಳು. ತಲೆ ತುಂಬ ಕೂದಲು. ಕೈಯಲ್ಲಿ ಅವ್ವನಿಗೆಂದು ತಂದ ಬಾಳೆಹಣ್ಣಿನ ಚೀಲ. "ನಮಸ್ಕಾರ್ರೀ, ನಿಮ್ಮ ಬಗ್ಗೆ ಮೇಡಂ ಭಾಳ ಹೇಳ್ಯಾರ" ಅಂದ. ಏನು ಹೇಳಿದ್ದಾಳೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಊಟಕ್ಕೆ ಕೂತಾಗಲೂ ಅವನಲ್ಲಿ ಒಂದು ಕೊರತೆ ಸಿಗಲಿಲ್ಲ. ರೊಟ್ಟಿ ಮುರಿಯುವ ರೀತಿ ಸರಿಯಿತ್ತು, ಶೇಂಗಾ ಉಂಡಿ ಬೇಡವೆನ್ನಲಿಲ್ಲ, ಹೆಸರುಕಾಳಿನ ಹೊಲದ ಬಗ್ಗೆ ಕೇಳಿದ್ದೂ ತಿಳಿದವನಂತೆಯೇ. ಅವ್ವ ಬೀಸಣಿಗೆ ಹಿಡಿದು ಅವನ ಬಾಜೂಕ ಕೂತುಬಿಟ್ಟಳು. ನನಗೆ ಯಾವತ್ತೂ ಬೀಸಣಿಗೆ ಹಿಡಿದವಳಲ್ಲ.

ಎಲೆಯಡಿಕೆ ಮುಗಿದ ಮೇಲೆ ಅವನು ಸ್ವಲ್ಪ ಸರಿದು ಕೂತು ನನ್ನ ಕಡೆ ತಿರುಗಿದ.

"ನಿಮಗೊಂದು ಮಾತು ಕೇಳೂದಿತ್ರಿ. ಈ ಸಲ ಅಂಟಾರ್ಕ್ಟಿಕಾಕ್ಕ ಹೋಗೋ ಹಡಗಿನ್ಯಾಗ ಒಂದು ಜಾಗಾ ಐತಿ. ಉಪಗ್ರಹದ ಚಿತ್ರ ನೋಡಿ, ಹಿಮ ಯಾ ಕಡೆ ಸರಿಯಾಕತ್ತೈತಿ, ಎಲ್ಲಿ ದಾರಿ ಬಿಡತೈತಿ ಅಂತ ಕ್ಯಾಪ್ಟನ್ನಗ ಹೇಳೋರು ಬೇಕು. ನಾನು ಮೇಡಂ ಅವರ ಹೆಸರು ಹೇಳೇನಿ. ಅವರು ಮನ್ಯಾಗ ಕೇಳ್ರಿ ಅಂದಾರ."

ಹೆಂಡತಿ ಅಡುಗೆಮನೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಇದು ಮೊದಲೇ ಗೊತ್ತಿತ್ತು. ಇವನಿಗೂ ಗೊತ್ತಿತ್ತು. ಮೂವರಲ್ಲಿ ಕೊನೆಗೆ ಗೊತ್ತಾದವನು ಗಂಡನಾದ ನಾನು. ಬೇಡ ಅನ್ನುವುದು ನಾಲಗೆ ತುದಿಯವರೆಗೆ ಬಂದಿತ್ತು. ಆದರೆ ಆ ಎತ್ತರದ ಮನುಷ್ಯನ ಎದುರು ನಾನು ಸಣ್ಣವನಾಗಿ ಕಾಣಲು ತಯಾರಿರಲಿಲ್ಲ.

"ಹೋಗಲ್ರೀ. ಅದರಾಗ ಕೇಳೂದೇನೈತಿ?" ಅಂದುಬಿಟ್ಟೆ, ದೊಡ್ಡ ದನಿಯಲ್ಲಿ.

ಅವನನ್ನು ಬಸ್ಸಿಗೆ ಬಿಟ್ಟು ಬಂದಾಗ ಅವಳು ಅಂಗಳದಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತದೆ ಕೇಳಿದಳು: "ನೀವು ಮನಸಿನಿಂದ ಅಂದ್ರೋ, ಅವರು ಕುಂತಾರಂತ ಅಂದ್ರೋ?"

"ಅವರು ಕುಂತಾರಂತ ಅಂದೆ."

"ಗೊತ್ತಿತ್ತು." ಒಂದು ಧೋತರದ ಎರಡು ತುದಿ ಕೂಡಿಸಿ ಝಾಡಿಸಿದಳು. "ಆದ್ರೂ ನಾ ಹೊಂಟೇನ್ರಿ."

ಅವ್ವ ಜಗಲಿ ಮೇಲಿಂದ, "ಹೋಗಿ ಬಾ ಬೇ. ಕುಂತಲ್ಲೇ ಕುಂತು ಚಿತ್ರ ನೋಡಿ ನೋಡಿ ಕಣ್ಣು ಹಾಳಾಗ್ಯಾವು. ಒಮ್ಮೆ ಕಾಲಲೇ ಮುಟ್ಟಿ ಬಾ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ದೀಪಾವಳಿ ಮುಗಿದ ಮೇಲೆ ಅವಳು ಹೊರಟಳು. ಹೋಗುವ ಮುಂಚೆ ನನ್ನನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ಯಾರು ಬೇಕಾದರೂ ನೋಡಬಹುದಾದ ಚಿತ್ರಗಳು ಎಲ್ಲಿ ಸಿಗುತ್ತವೆ ಎಂದು ತೋರಿಸಿದಳು. "ಬೆಳ್ಳಗ ಕಾಣೂದು ಉಬ್ಬುತಗ್ಗಿನ ಹಿಮ. ಕರ್ರಗ ನುಣ್ಣಗ ಕಾಣೂದು ಎಳೇ ಹಿಮ ಇರಬಹುದು, ಗಾಳಿ ಇಲ್ಲದ ನೀರೂ ಇರಬಹುದು. ಹಡಗು ಅಂದ್ರ ಒಂದು ಬಿಳೇ ಚುಕ್ಕಿ." ಹೀಗೆ ಅವಳು ನನಗೆ ಕಲಿಸಿದ್ದು ಅದೊಂದೇ ದಿನ. ಅವಳ ಭುಜ ನನ್ನ ಭುಜಕ್ಕೆ ತಾಗಿತ್ತು. ಆ ಅಣ್ಣಿಗೇರಿಯವನಿಗೆ ಇಷ್ಟು ದಿನ ಇಂಥ ಪಾಠ ಎಷ್ಟು ಸಿಕ್ಕಿರಬಹುದು ಎಂದು ಆಗಲೂ ಅನಿಸಿತು.

ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ ಕೂರುವುದು ನನಗೆ ರೂಢಿಯಾಯಿತು. ತೆರೆದ ಸಮುದ್ರದಲ್ಲಿ ಹಡಗಿನ ಚುಕ್ಕೆಯನ್ನು ಸುಲಭವಾಗಿ ಹಿಡಿದೆ. ಹಿಮದ ಅಂಚಿಗೆ ಬಂದಾಗ ಒಮ್ಮೆ ಕಳೆದುಕೊಂಡು, ಮತ್ತೆ ಹುಡುಕಿ ಹಿಡಿದೆ. ಅವಳಿಂದ ಬರುವುದು ಆಗೊಮ್ಮೆ ಈಗೊಮ್ಮೆ ಒಂದು ಸಾಲು: ಆರಾಮ ಇದ್ದೇನೆ, ಕೆಲಸ ಬಹಳ. ಅದಕ್ಕಿಂತ ಆ ಚುಕ್ಕೆಯೇ ನನಗೆ ಹತ್ತಿರವಾಯಿತು.

ಅವ್ವ ಚಹಾ ತಂದು, "ಎಲ್ಲಿ ಅದಾಳ?" ಎಂದು ಕೇಳುವಳು. ನಾನು ಬೆರಳು ಇಟ್ಟು ತೋರಿಸುವೆ. ಅವ್ವ ಸೀರೆ ಸೆರಗಿನಿಂದ ಪರದೆಯ ಧೂಳು ಒರೆಸಿ, ಎರಡೂ ಕೈಯಿಂದ ಆ ಚುಕ್ಕೆಯನ್ನು ನೀವಿ, ತನ್ನ ಹಣೆಯ ಎರಡೂ ಬದಿಗೆ ಬೆರಳು ಒತ್ತಿ ಲಟಿಗೆ ಮುರಿಯುವಳು.

ಒಂದು ವಾರ ಚುಕ್ಕೆ ಕದಲಲಿಲ್ಲ. ಸುತ್ತಲಿನ ಹಿಮ ಸರಿಯುತ್ತಿತ್ತು, ಇದು ಮಾತ್ರ ಇದ್ದಲ್ಲೇ. ಅವಳಿಂದ ಸುದ್ದಿಯೂ ಇರಲಿಲ್ಲ. ಯಾರನ್ನು ಕೇಳುವುದು? ಕೇಳಬಹುದಾದವನು ಒಬ್ಬನೇ. ಫೋನು ಹಚ್ಚಿದೆ.

"ಹಡಗು ಸಿಕ್ಕೊಂಡೈತ್ರಿ! ನಿಮಗ ಕಾಣವಲ್ದೇನು? ಹಿಮ ಹೊಂಟೈತಿ, ಹಡಗು ನಿಂತೈತಿ!"

"ಯಾ ಕಡೆ ನೋಡಾಕತ್ತೀರಿ? ಅಕ್ಷಾಂಶ-ರೇಖಾಂಶ ಓದ್ರಿ" ಅಂದ. ಓದಿದೆ. ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿತು.

"ಅಣ್ಣಾರ, ಅದು ಹಡಗಲ್ರಿ. ಅದು ನೀರ್ಗಲ್ಲಿನ ಗುಡ್ಡ, ಐಸ್‌ಬರ್ಗ್. ಬುಡ ಸಮುದ್ರದ ನೆಲಕ್ಕ ತಾಗಿ ಕುಂತೈತಿ. ಅದು ಯಾವಾಗಿನಿಂದಲೂ ಅಲ್ಲೇ ಐತಿ."

ಅಷ್ಟು ದಿನ ನಾನು ಬೆಳಿಗ್ಗೆ ಎದ್ದು ನೋಡುತ್ತಿದ್ದುದು, ಅವ್ವ ದೃಷ್ಟಿ ತೆಗೆಯುತ್ತಿದ್ದುದು ಒಂದು ಹಿಮದ ಗುಡ್ಡಕ್ಕೆ. ಅದನ್ನು ನನಗೆ ಹೇಳಿದವನು ಜಗತ್ತಿನಲ್ಲಿ ನಾನು ಯಾರ ಮುಂದೆ ಪೆದ್ದನಾಗಬಾರದು ಅಂದುಕೊಂಡಿದ್ದೆನೋ ಅವನೇ. ಅವನು ನಕ್ಕಿದ್ದರೆ ದ್ವೇಷಿಸಲು ಅನುಕೂಲವಾಗುತ್ತಿತ್ತು. ನಗಲಿಲ್ಲ.

"ನಮ್ಮವರೂ ಹೊಸದಾಗಿ ಬಂದಾಗ ಹಿಂಗ ಮೋಸ ಹೋಗತಾರ್ರಿ" ಅಂದ. "ಹಡಗು ನಿಮ್ಮ ಚಿತ್ರದ ಹೊರಗ, ಪಶ್ಚಿಮಕ್ಕ ಐತಿ. ಆದ್ರ ನೀವು ಅಂದಿದ್ದೂ ಖರೇ ಐತಿ. ಅದೂ ನಿಂತೈತಿ."

ಉತ್ತರದ ಗಾಳಿ ಬೀಸಿ ಹಿಮವನ್ನೆಲ್ಲ ದಂಡೆಯ ಕಡೆ ಒತ್ತಿತ್ತು. ಹಡಗು ಅದರ ನಡುವೆ ಸಿಕ್ಕಿಕೊಂಡಿತ್ತು. ಅಪಾಯವಿಲ್ಲ, ಗಾಳಿ ತಿರುಗುವ ತನಕ ಕಾಯಬೇಕು ಅಷ್ಟೇ ಎಂದ. ಮರುದಿನದಿಂದ ಅವನೇ ಪ್ರತಿದಿನ ಹಡಗಿನ ಸುತ್ತ ಕೆಂಪು ವೃತ್ತ ಹಾಕಿದ ಚಿತ್ರ ಕಳಿಸತೊಡಗಿದ. ಚಿತ್ರ ಬಂದಕೂಡಲೇ ನಾನು ಫೋನು ಮಾಡುವೆ. ಗಾಳಿ ಯಾವ ಕಡೆ, ಬಿರುಕು ಬಿಟ್ಟಿದೆಯೋ ಇಲ್ಲವೋ. ಹಡಗು ಹಿಮದ ಹಿಡಿತದಲ್ಲಿದ್ದರೂ ಇದ್ದಲ್ಲೇ ಇರಲಿಲ್ಲ. ಹಿಮದ ಜೋಡಿ ತಾನೂ ಮೆಲ್ಲಗೆ ಸರಿಯುತ್ತಿತ್ತು. ಅಂಗಡಿಯಲ್ಲಿ ಗಿರಾಕಿ ಹತ್ತಿಬೀಜ ಕೇಳಿದರೆ ಮೆಣಸಿನ ಬೀಜ ಕೊಟ್ಟೆ. ಕಾಕಾ ಎದ್ದು ಬಂದು ನನ್ನ ಗಲ್ಲಾಪೆಟ್ಟಿಗೆಯ ಮುಂದೆ ತಾವೇ ಕೂತು, "ನೀ ಆ ಮೊಬೈಲ್ ನೋಡಕೋತ ಕುಂದ್ರು" ಅಂದರು.

ಆ ದಿನಗಳಲ್ಲಿ ಒಂದು ಸಂಜೆ ಅಣ್ಣಿಗೇರಿಯವನು ಮಾತಿನ ನಡುವೆ, "ನಿಮಗೊಂದು ಹೇಳಲೇನ್ರಿ?" ಅಂದ. ಆ ಹಡಗಿನ ಜಾಗಕ್ಕೆ ಅವನು ವರ್ಷವರ್ಷವೂ ಅರ್ಜಿ ಹಾಕಿದ್ದನಂತೆ. ಎದೆ ಬಡಿತದಲ್ಲಿ ಏನೋ ಸಣ್ಣ ತೊಡಕು. ವೈದ್ಯಕೀಯ ತಪಾಸಣೆಯಲ್ಲಿ ಪ್ರತಿ ಸಲ ಕೈಬಿಟ್ಟರಂತೆ. "ನಾ ನೋಡಿದಷ್ಟು ಆ ಹಿಮ ಯಾರೂ ನೋಡಿಲ್ರಿ. ಒಮ್ಮೇನೂ ಮುಟ್ಟಿಲ್ಲ. ಮೇಡಂ ಹೆಸರು ನಾನ ಬರದು ಕೊಟ್ಟೆ. ನಿಮ್ಮ ಮನ್ಯಾಗ ಉಂಡು ಬಸ್ ಹತ್ತಿದ ಮ್ಯಾಲ ಅಣ್ಣಿಗೇರಿ ಬರೂತನ ಹೊಟ್ಯಾಗ ಬೆಂಕಿ ಬಿದ್ದಂಗಾಗಿತ್ತು. ಕಂಡಕ್ಟರ್ ಚಿಲ್ಲರೆ ಕೊಟ್ರೂ ತಗೊಳ್ಳಲಿಲ್ಲ."

ನನ್ನ ಮನೆಯಲ್ಲಿ ಅವತ್ತು ಎಲೆಯಡಿಕೆ ಹಾಕಿಕೊಂಡು ಎದುರುಬದುರು ಕೂತಿದ್ದ ಇಬ್ಬರಲ್ಲಿ ಉರಿಯುತ್ತಿದ್ದವನು ನಾನೊಬ್ಬನೇ ಅಂದುಕೊಂಡಿದ್ದೆ.

"ನನಗೂ ಹಂಗ ಆಗಿತ್ರಿ" ಅಂದೆ. "ಆದ್ರ ನನಗ ನಿಮ್ಮ ಮ್ಯಾಲ."

"ಅದು ಗೊತ್ತಾಗಿತ್ತು ಬಿಡ್ರಿ. ಬೈಕಿನ ಮ್ಯಾಲ ನನ್ನ ಕೂಡ್ರಿಸಿಕೊಂಡು ಎಲ್ಲಾ ತೆಗ್ಗಿನ್ಯಾಗೂ ಗಾಡಿ ಹಾಕಿದ್ರಿ" ಅಂದ. ಇಬ್ಬರೂ ನಕ್ಕೆವು.

ಕೊನೆಗೆ ಗಾಳಿ ತಿರುಗಿತು. ಒಂದು ಬೆಳಿಗ್ಗೆಯ ಚಿತ್ರದಲ್ಲಿ ಹಡಗಿನ ಮುಂದೆ ಕಪ್ಪು ಗೆರೆಯೊಂದು ಕಂಡಿತು, ಬೇಸಿಗೆಯಲ್ಲಿ ನಮ್ಮ ಎರಿ ಹೊಲ ಬಿರಿದ ಹಾಗೆ. "ಅವ್ವಾ, ದಾರಿ ಬಿಟ್ಟೈತಿ!" ಎಂದು ಮಾಳಿಗೆಯಿಂದ ಕೂಗಿದೆ. ಅವ್ವ ಎದ್ದು ಬರುವಷ್ಟರಲ್ಲಿ ಅಣ್ಣಿಗೇರಿಯವನ ಫೋನು ಬಂತು. ಚಿತ್ರ ನಮಗೆ ತಲುಪುವ ಹೊತ್ತಿಗೆ ಹಡಗು ಆಗಲೇ ಆ ಗೆರೆಯಲ್ಲಿ ಹಾದು ಹೋಗಿಬಿಟ್ಟಿತ್ತು.

ಅವಳು ಬಂದದ್ದು ಬೇಸಿಗೆಯ ಬಿಸಿಲು ಏರಿದ ಮೇಲೆ. ಮೂಗು, ಗಲ್ಲ ಕಪ್ಪಾಗಿ ಸಿಪ್ಪೆ ಎದ್ದಿತ್ತು. ಅವ್ವ ಬಾಗಿಲಲ್ಲಿ ನೀರಿಳಿಸಿ ಒಳಗೆ ಕರೆದುಕೊಂಡಳು. ನಾನು ಎಷ್ಟೋ ದಿನದಿಂದ ಕೂಡಿಟ್ಟ ಪ್ರಶ್ನೆ ಕೇಳಿದೆ. ಊಟ ಏನಿತ್ತು, ಚಳಿ ತಡೆಯಿತೋ, ಹೆಂಗಸರು ಎಷ್ಟು ಜನ ಇದ್ದರು, ಹಡಗು ಸಿಕ್ಕಿಕೊಂಡಾಗ ಹೆದರಿಕೆ ಆಯಿತೋ. ಎಲ್ಲಕ್ಕೂ ಒಂದೊಂದು ಮಾತಿನ ಉತ್ತರ. ಮರುವಾರ ಮತ್ತೆ ಮಾಳಿಗೆ ಹತ್ತಿ ಕೂತಳು. ಈಗ ಬಾಣದ ಗುರುತು ತಿದ್ದುವಾಗ ಅವಳ ಮುಖ ಬೇರೆಯಾಗಿತ್ತು. ಅವಳು ನೋಡಿದ ಜಾಗ ಅದು. ನನಗೆ ಈಗ ಅಣ್ಣಿಗೇರಿಯವನ ಮೇಲೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ. ಅವಳ ಮೇಲೆಯೇ ಇತ್ತು. ಅವಳ ಕಾಲು ಮುಟ್ಟಿದ್ದನ್ನು ನನ್ನ ಕಾಲು ಮುಟ್ಟುವುದಿಲ್ಲ ಎಂಬುದು ಊಟ ಮಾಡುವಾಗ, ಹೊಲದ ಬದುವಿನ ಮೇಲೆ ನಡೆಯುವಾಗ ನೆನಪಾಗಿ ಚುಚ್ಚುತ್ತಿತ್ತು.

ಶಲವಡಿಯ ಶಾಲೆಯವರು ಮಕ್ಕಳಿಗೆ ಹೇಳಲು ಬನ್ನಿ ಎಂದು ಕರೆದರು. ನಾನೇ ಬೈಕಿನಲ್ಲಿ ಕರೆದೊಯ್ದೆ, ಕೊನೆಯ ಬೆಂಚಿನಲ್ಲಿ ಕೂತೆ. ಅವಳು ಚಿತ್ರ ತೋರಿಸಿದಳು. ಗಾಳಿ ಬೀಸಿದ ನೇರಕ್ಕೆ ಹಿಮ ಹೋಗದೆ ಅಲ್ಲಿ ಸ್ವಲ್ಪ ಎಡಕ್ಕೆ ಸರಿಯುತ್ತದೆ, ಭೂಮಿ ತಿರುಗುವುದೇ ಅದಕ್ಕೆ ಕಾರಣ ಎಂದು ವಿವರಿಸಿದಳು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, "ಮೇಡಂ, ಹಿಮದ ಮ್ಯಾಲ ನಿಂತಾಗ ಹೆಂಗನಿಸ್ತರಿ?" ಎಂದು ಕೇಳಿದಳು.

ಹೆಂಡತಿ ಪರದೆಯ ಮುಂದಿನಿಂದ ಸರಿದು ಆ ಹುಡುಗಿಯ ಬೆಂಚಿನ ಹತ್ತಿರ ಹೋದಳು. ಆಮೇಲೆ ಹೇಳಿದಳು. ಹಡಗು ಸಿಕ್ಕಿ ನಿಂತಿದ್ದಾಗ ಏಣಿ ಇಳಿಸಿ ಕೆಲವರನ್ನು ಹಿಮದ ಮೇಲೆ ಬಿಟ್ಟರಂತೆ. ಇಳಿದಾಗ ಮೊದಲು ಬೂಟಿನ ಕೆಳಗೆ ಹಿಟ್ಟು ತುಳಿದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ, ತನ್ನ ಉಸಿರಿನದು ಬಿಟ್ಟರೆ. ಅಷ್ಟು ಬೆಳಕಿನಲ್ಲಿ ತನಗೆ ತನ್ನ ನೆರಳು ಕೂಡ ಪರಕೀಯ ಅನಿಸಿ ಅಳು ಬಂತಂತೆ. ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಯಿತಂತೆ. ಮಕ್ಕಳು ಬಾಯಿ ತೆರೆದು ಕೇಳಿದರು. ನಾನು ಆ ಮಕ್ಕಳನ್ನು ನೋಡುತ್ತ ಕೂತೆ. ಅವರು ನನಗಿಂತ ಮೊದಲು ಕೇಳಿಬಿಟ್ಟರು.

ಹೊಳ್ಳಿ ಬರುವಾಗ ಕಾಲುವೆ ಹತ್ತಿರ ತಡೆಯಲಾಗಲಿಲ್ಲ. ಬೈಕು ನಿಲ್ಲಿಸಿದೆ.

"ಆ ಹುಡುಗಿಗೆ ಹೇಳಿದ್ದು ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ರಿ. ಊಟ ಏನಿತ್ತು, ಯಾರಿದ್ರು ಅಂತ ಕೇಳಿದ್ರಿ. ಆಕಿ ಹಿಮದ್ದು ಕೇಳಿದಳು."

"ಈಗ ಕೇಳತೀನಿ. ನೀ ನಿಂತಾಗ ಅದು ಸರಿಯಾಕತ್ತಿತ್ತಲ್ಲ, ಹೆಂಗಿತ್ತು?"

ಅವಳು ಕಾಲುವೆ ಕಟ್ಟೆ ಮೇಲೆ ಕೂತಳು. "ಗೊತ್ತಾಗಲಿಲ್ರಿ" ಅಂದಳು. "ಅಷ್ಟು ವರ್ಷ ಬಾಣ ಹಾಕಿ ಹಾಕಿ, ಒಮ್ಮೆ ಅದರ ಮ್ಯಾಲ ನಿಂತ್ರ ಸರಿಯೂದು ಕಾಲಿಗೆ ತಿಳೀತೈತಿ ಅಂತ ಮಾಡಿದ್ದೆ. ಏನೂ ತಿಳೀಲಿಲ್ಲ. ಹಡಗು, ನಾ, ಹಿಮ, ಎಲ್ಲಾ ಕೂಡೇ ಹೊಂಟಿದ್ವಿ. ಗಟ್ಟಿ ಕಲ್ಲಬಂಡೆ ಮ್ಯಾಲ ನಿಂತಂಗಿತ್ತು. ಹಡಗಿಗೆ ಹೋಗಿ ಅಂಕಿ ನೋಡಿದ ಮ್ಯಾಲ ಸರದೇವಿ ಅಂತ ಗೊತ್ತಾತು. ನನಗ ಭಾಳ ಬ್ಯಾಸರಾತು."

"ಎಡಕ್ಕ ಸರದಿತ್ತು" ಅಂದೆ. "ಮೊದಲ ದಂಡಿ ಕಡೆ, ಆಮ್ಯಾಲ ಎಡಕ್ಕ. ಬಾಜೂಕ ಒಂದು ಉದ್ದನ್ನ ತುಂಡಿತ್ತು, ಬೆಂಡೀಕಾಯಿ ಹಂಗ. ಅದು ನಿಮ್ಮ ಹಡಗಿಗೆ ಒಂದು ಸುತ್ತು ಹಾಕಿ ಮುರೀತು."

ಅವಳು ಥಟ್ಟನೆ ನನ್ನ ಕಡೆ ತಿರುಗಿದಳು. "ನೀವು ನೋಡಿದ್ರೇನು?"

"ದಿನಾ ನೋಡೀನಿ."

"ನನಗ ಅದು ಕಾಣಲ ಇಲ್ಲ" ಅಂದಳು. ಆ ದನಿಯಲ್ಲಿ ಏನಿತ್ತೆಂದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನನಗೆ ಚೆನ್ನಾಗಿ ಪರಿಚಯವಿದ್ದ ದನಿ ಅದು. ಒಳಗೊಳಗೇ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಬಹಳ ಹೊತ್ತು ಉಳಿಯಲಿಲ್ಲ. ಅವಳು ನನ್ನ ಕೈಗೆ ಒಂದು ಕಡ್ಡಿ ಕೊಟ್ಟು, "ಎಲ್ಲಿ, ಹೆಂಗ ಸುತ್ತು ಹಾಕಿತು? ಇಲ್ಲಿ ಬರದು ತೋರಸ್ರಿ" ಎಂದು ಕಾಲ ಬುಡದ ಮಣ್ಣನ್ನು ಅಂಗೈಯಿಂದ ಸಮ ಮಾಡಿದಳು. ನಾನು ಕುಕ್ಕರುಗಾಲಲ್ಲಿ ಕೂತು ಬರೆಯಲು ಸುರು ಮಾಡಿದೆ. ಒಂದೆರಡು ಗೆರೆ ಎಳೆಯುವಷ್ಟರಲ್ಲೇ ಅವಳು, "ಅಲ್ಲ, ಅಲ್ಲ, ಉತ್ತರ ಆ ಕಡೆ" ಎಂದು ಕಡ್ಡಿ ಕಸಿದುಕೊಂಡಳು.